ಮುಚ್ಚಿದ ಬಾಗಿಲು, ಅಬರ್‌ಫ್ಯಾನಿನ ಬೀದಿ

ಓದುಗರ ಪತ್ರ (ಸಂಕ್ಷಿಪ್ತವಾಗಿ):

ಹೋದ ಸಂಚಿಕೆಯಲ್ಲಿ ‘ದಿ ಕ್ರೌನ್’ ಧಾರಾವಾಹಿಯ ಲೇಖನ ಓದಿದೆ. ಎರಡನೇ ಎಲಿಜಬೆತ್ ರಾಣಿಯ ಆ ಕಥೆಯನ್ನು ‘ಚರಿತ್ರೆಯ ಪಾಠ’ ಎಂದು ಕರೆದಿದ್ದೀರಿ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿದವಳು. ಮೊಮ್ಮಗಳ ಜೊತೆ ಕೂತು 60 ಎಪಿಸೋಡೂ ನೋಡಿದೆ. ಅವಳು ಎಲ್ಲವನ್ನೂ ನಡೆದದ್ದು ಅಂತಲೇ ನಂಬಿದ್ದಾಳೆ. ಅಬರ್‌ಫ್ಯಾನ್ ದುರಂತದ ಎಪಿಸೋಡ್ ಮುಗಿದಾಗ, ‘ಎಂಥಾ ಕಲ್ಲು ಮನಸ್ಸು ಅಜ್ಜಿ, ಅಷ್ಟು ಮಕ್ಕಳು ಸತ್ತರೂ ಅಳಲಿಲ್ಲ’ ಅಂದಳು. 1961ರಲ್ಲಿ ನನಗೆ ಏಳು ವರ್ಷ. ಬೆಂಗಳೂರಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ಆ ರಾಣಿಯನ್ನು ನೋಡಿದ್ದೆ. ಬಿಳಿ ಗ್ಲೌಸು ಹಾಕಿದ ಕೈ ನನ್ನ ಕಡೆಗೇ ಬೀಸಿದ ಹಾಗಿತ್ತು. ಸತ್ತವರು ಬಂದು ಇಲ್ಲ ಅನ್ನುವುದಿಲ್ಲ ಅಂತ ಏನು ಬೇಕಾದರೂ ತೋರಿಸಬಹುದಾ?
– ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಸಂಪಾದಕರ ಉತ್ತರ:

ನಮಸ್ಕಾರ ಟೀಚರ್,

ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ‘ಚರಿತ್ರೆಯ ಪಾಠ’ ಎಂಬ ತಲೆಬರಹ ಲೇಖಕರದ್ದಲ್ಲ, ನಾನು ಕೊಟ್ಟದ್ದು. ಕೊಡಬಾರದಿತ್ತು.

ಆದರೆ ನನಗೆ ಈ ಧಾರಾವಾಹಿ ಇಷ್ಟ. ಅದನ್ನೂ ಮುಚ್ಚಿಡುವುದಿಲ್ಲ. 2016ರಿಂದ 2023ರವರೆಗೆ ಬಂದ ಒಂದೊಂದು ಸೀಸನ್ನನ್ನೂ ಕಾದು ನೋಡಿದವನು ನಾನು. ಕ್ಲೇರ್ ಫಾಯ್, ಒಲಿವಿಯಾ ಕೋಲ್ಮನ್, ಇಮೆಲ್ಡಾ ಸ್ಟಾಂಟನ್ ಮೂವರೂ ಸೇರಿ ಒಬ್ಬಳೇ ಹೆಂಗಸಿಗೆ ವಯಸ್ಸಾಗುವುದನ್ನು ತೋರಿಸಿದ್ದಾರೆ. ಮಾತಾಡಬೇಕಾದಲ್ಲಿ ಬಾಯಿ ಕಟ್ಟಿಕೊಂಡು ಕೂರುವುದೇ ಕೆಲಸವಾಗಿರುವ ಒಬ್ಬಳ ಬದುಕು ಹೇಗಿರಬಹುದು ಅಂತ ನಾನು ಅಲ್ಲಿಯ ತನಕ ಯೋಚಿಸಿರಲಿಲ್ಲ.

ಕಥೆ ಬರೆದ ಪೀಟರ್ ಮಾರ್ಗನ್ ಅವರಿಗೆ ಕಟ್ಟಿ ಹೇಳುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ರಾಣಿ ವಾರಕ್ಕೊಮ್ಮೆ ಪ್ರಧಾನಿಯನ್ನು ಕಾಣುತ್ತಿದ್ದರು. ಚರ್ಚಿಲ್ ಅವರಿಂದ ಲಿಜ್ ಟ್ರಸ್ ವರೆಗೆ 15 ಪ್ರಧಾನಿಗಳು. ಆ ಕೋಣೆಯಲ್ಲಿ ಇಬ್ಬರೇ. ಯಾರೂ ಟಿಪ್ಪಣಿ ಬರೆದುಕೊಳ್ಳುವುದಿಲ್ಲ. ಅಲ್ಲಿನ ಮಾತನ್ನು ನಾಟಕಕಾರ ಊಹಿಸಿಯೇ ಬರೆಯಬೇಕು. ಅದಕ್ಕೆ ನನ್ನ ತಕರಾರಿಲ್ಲ, ನಿಮಗೂ ಇರಲಾರದು. ನಮ್ಮ ತಾಳಮದ್ದಳೆಯಲ್ಲಿ ಆಗುವುದೂ ಅದೇ ಅಲ್ವಾ? ಅರ್ಥಧಾರಿ ಕರ್ಣನ ಬಾಯಲ್ಲಿ ಅವತ್ತಿಗೆ ಹೊಳೆದ ಮಾತು ಹಾಕುತ್ತಾನೆ. ಎದುರಿನ ಕೃಷ್ಣ ಅದಕ್ಕೆ ಉತ್ತರ ಕಟ್ಟುತ್ತಾನೆ. ಮಾತು ಎಷ್ಟು ಬೆಳೆದರೂ ಪ್ರಸಂಗದ ಪದ್ಯ ದಾಟುವಂತಿಲ್ಲ. ಚಕ್ರ ಹೂತುಹೋಗಲೇಬೇಕು. ಕೂತು ಕೇಳುವವರಿಗೂ ಕಥೆ ಗೊತ್ತು. ಯಾವುದು ಪ್ರಸಂಗದ್ದು, ಯಾವುದು ಅರ್ಥಧಾರಿಯದ್ದು ಅಂತ ಅವರೇ ಬೇರೆ ಮಾಡಿಕೊಳ್ಳುತ್ತಾರೆ.

ನಿಮ್ಮ ಮೊಮ್ಮಗಳಿಗೆ ಪ್ರಸಂಗವೇ ಗೊತ್ತಿಲ್ಲ. ತೊಂದರೆ ಇರುವುದು ಇಲ್ಲಿ.

ಅಬರ್‌ಫ್ಯಾನ್ ವೇಲ್ಸಿನ ಒಂದು ಗಣಿ ಹಳ್ಳಿ. 1966ರ ಅಕ್ಟೋಬರ್ 21, ಶುಕ್ರವಾರ. ಮಕ್ಕಳಿಗೆ ಮಧ್ಯಂತರ ರಜೆಗೆ ಮುಂಚಿನ ಕೊನೆಯ ದಿನ. ಬೆಳಿಗ್ಗೆ ಒಂಬತ್ತೂಕಾಲರ ಹೊತ್ತಿಗೆ, ಮಕ್ಕಳು ಆಗಷ್ಟೇ ತರಗತಿಗೆ ಬಂದಿದ್ದಾರೆ. ಊರ ಮೇಲಿನ ಗುಡ್ಡದಲ್ಲಿ ಗಣಿಯ ತ್ಯಾಜ್ಯ ರಾಶಿ ಹಾಕಿದ್ದರು. ನೀರು ಕುಡಿದಿದ್ದ ಆ ರಾಶಿ ಜಾರಿ ಶಾಲೆಯ ಮೇಲೆ ಬಿತ್ತು. 116 ಮಕ್ಕಳು, 28 ದೊಡ್ಡವರು ಸತ್ತರು. ರಾಣಿ ಅಲ್ಲಿಗೆ ಹೋದದ್ದು ಎಂಟು ದಿನದ ನಂತರ. ತಡವಾಯಿತು ಅಂತ ಆಗಲೇ ಜನ ಮಾತಾಡಿಕೊಂಡಿದ್ದರು. ಈ ತಡದ ಬಗ್ಗೆ ಅವರಿಗೆ ನೋವಿತ್ತು ಎಂದು ಹತ್ತಿರದವರು ಹೇಳಿದ್ದಾರೆ.

ಇಷ್ಟೂ ಎಪಿಸೋಡಿನಲ್ಲಿದೆ, ಚೆನ್ನಾಗಿಯೂ ಇದೆ. ಆಮೇಲೆ ಒಂದು ದೃಶ್ಯ ಬರುತ್ತದೆ. ರಾಣಿ ಪ್ರಧಾನಿ ವಿಲ್ಸನ್ ಎದುರು ಕೂತು, ನನಗೆ ಅಳು ಬರಲಿಲ್ಲ, ಒಣಗಿದ ಕಣ್ಣನ್ನೇ ಒರೆಸಿಕೊಂಡೆ ಅನ್ನುತ್ತಾರೆ. ಮಾತು ನಡೆಯುವುದು ಮುಚ್ಚಿದ ಕೋಣೆಯಲ್ಲಿ. ಆದರೆ ಅದು ಹೇಳುವುದು ಬೀದಿಯಲ್ಲಿ ನಡೆದದ್ದನ್ನು. ಬೀದಿಯಲ್ಲಿ ಜನ ಇದ್ದರು. ಅವತ್ತು ಒಂದು ಪುಟ್ಟ ಹುಡುಗಿ ರಾಣಿಯ ಕೈಗೆ ಸಣ್ಣ ಹೂಗುಚ್ಛ ಕೊಟ್ಟಳು. ‘ಅಬರ್‌ಫ್ಯಾನಿನ ಉಳಿದ ಮಕ್ಕಳಿಂದ’ ಅಂತ ಅದರಲ್ಲಿ ಬರೆದಿತ್ತು. ಅಂದಿನ ಫೋಟೋಗಳಲ್ಲಿ ಆ ಮುಖ ನೋಡಿ, ಟೀಚರ್. ನಟನೆಯ ಮುಖ ಅಲ್ಲ ಅದು. ಅಲ್ಲಿದ್ದವರೂ ರಾಣಿಯ ಮನಸ್ಸು ಕಲಕಿಹೋಗಿತ್ತು ಅಂತಲೇ ನೆನಪಿಸಿಕೊಂಡಿದ್ದಾರೆ. ಆಮೇಲೆ 1973, 1997, 2012ರಲ್ಲಿ ಮತ್ತೆ ಮೂರು ಸಲ ಅವರು ಆ ಹಳ್ಳಿಗೆ ಹೋದರು. ಒಂದು ಸಂಭಾಷಣೆಗೆ ತೂಕ ಬರಲಿ ಅಂತ ಇಷ್ಟು ಜನ ಕಣ್ಣಾರೆ ಕಂಡದ್ದನ್ನು ತಿರುಚಿದ್ದು ತಪ್ಪು. ಕೊನೆಗೆ ರಾಣಿ ಒಬ್ಬರೇ ಕೂತು ಶವಸಂಸ್ಕಾರದ ಹಾಡಿನ ಟೇಪು ಕೇಳುವಾಗ ಒಂದು ಹನಿ ಇಳಿಯುತ್ತದೆ, ನಿಜ. ಆದರೆ ನಿಮ್ಮ ಮೊಮ್ಮಗಳ ಮನಸ್ಸಿನಲ್ಲಿ ನಿಂತದ್ದು ಆ ಹನಿಯಲ್ಲ, ಒಣಗಿದ ಕಣ್ಣು.

ಒಂದು ಸಣ್ಣ ತಿದ್ದುಪಡಿ. ಆ ಎಪಿಸೋಡ್ ಬಂದದ್ದು 2019ರಲ್ಲಿ. ರಾಣಿ ಆಗ ಬದುಕಿದ್ದರು. ಆದರೆ ಅರಮನೆಯವರು ಇಂಥದ್ದಕ್ಕೆಲ್ಲ ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಉತ್ತರ ಕೊಡದವರ ಮೇಲೆ ಕಥೆ ಕಟ್ಟುವಾಗ ಕೈ ಜಾಸ್ತಿ ಹಿಡಿತದಲ್ಲಿರಬೇಕು ಅನ್ನುವ ನಿಮ್ಮ ಮಾತು ಹಾಗೇ ನಿಲ್ಲುತ್ತದೆ.

ಬ್ರಿಟನ್ನಿನ ನೋಡುಗರೂ ಇದೇ ಜಗಳ ಆಡಿದ್ದಾರೆ. 2020ರಲ್ಲಿ ಡಯಾನಾ ಕಥೆಯ ಸೀಸನ್ ಬಂದಾಗ ಅಲ್ಲಿನ ಸಂಸ್ಕೃತಿ ಸಚಿವ ಆಲಿವರ್ ಡೌಡೆನ್, ಆ ಕಾಲ ಕಾಣದ ಹುಡುಗರು ಇದನ್ನೇ ನಿಜ ಅಂದುಕೊಳ್ಳಬಹುದು, ಶುರುವಿಗೆ ‘ಇದು ಕಲ್ಪನೆ’ ಅಂತ ಹಾಕಿ ಅಂದರು. ನೆಟ್‌ಫ್ಲಿಕ್ಸ್ ಒಪ್ಪಲಿಲ್ಲ. 2022ರಲ್ಲಿ ಹಿರಿಯ ನಟಿ ಜೂಡಿ ಡೆಂಚ್ ಪತ್ರಿಕೆಗೆ ಬರೆದು ಅದನ್ನೇ ಕೇಳಿದರು. ಚಾರ್ಲ್ಸ್ ತಮ್ಮ ಹತ್ತಿರ ಬಂದು ತಾಯಿ ಪಟ್ಟ ಬಿಡುವ ಮಾತೆತ್ತಿದಂತೆ ತೋರಿಸಿದ್ದಕ್ಕೆ ಮಾಜಿ ಪ್ರಧಾನಿ ಜಾನ್ ಮೇಜರ್ ಸಿಟ್ಟಾದರು. ಕೊನೆಗೆ 2022ರ ಸೀಸನ್ನಿನ ಟ್ರೈಲರಿನ ಕೆಳಗೆ, ನಿಜ ಘಟನೆಗಳ ಆಧಾರದ ಕಾಲ್ಪನಿಕ ನಾಟಕ ಎಂಬ ಸಾಲು ಸೇರಿತು. ಮೂರು ಗಂಟೆ ಅತ್ತು ಎದ್ದವರು ಟ್ರೈಲರಿನ ಕೆಳಗಿನ ಸಾಲನ್ನು ಹುಡುಕಿಕೊಂಡು ಹೋಗುತ್ತಾರಾ? ಒಂದೊಂದು ಎಪಿಸೋಡಿನ ಮೊದಲೂ ಅದನ್ನು ಹಾಕಬೇಕಿತ್ತು. ಹಾಕಿದ್ದರೆ ನಾಟಕದ ರುಚಿ ಏನೂ ಕೆಡುತ್ತಿರಲಿಲ್ಲ.

ಮೊಮ್ಮಗಳಿಗೆ ನೋಡಬೇಡ ಅನ್ನಬೇಡಿ. ಸುಮ್ನೆ ಬೈದರೆ ಒಬ್ಬಳೇ ಕೂತು ನೋಡುತ್ತಾಳೆ. ಮೂರನೇ ಸೀಸನ್ನಿನ ಆ ಮೂರನೇ ಎಪಿಸೋಡನ್ನು ಇನ್ನೊಮ್ಮೆ ಹಾಕಿ. ಮುಗಿದ ಮೇಲೆ 1966ರ ಅಕ್ಟೋಬರ್ 29ರ ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದು ಅವಳ ಕೈಗೆ ಕೊಡಿ. ಏನೂ ಹೇಳಬೇಡಿ, ಅವಳೇ ಕೇಳಲಿ.

ಇನ್ನೊಂದು ಕೋರಿಕೆ. ಎರಡನೇ ಸೀಸನ್ನಿನಲ್ಲಿ 1961ರ ಘಾನಾ ಪ್ರವಾಸ ಇದೆ. ಅದೇ ವರ್ಷದ ಫೆಬ್ರವರಿಯಲ್ಲಿ ರಾಣಿ ಬೆಂಗಳೂರಿಗೆ ಬಂದದ್ದು, ಲಾಲ್‌ಬಾಗಿನಲ್ಲಿ ಗಿಡ ನೆಟ್ಟದ್ದು, ನಂದಿಬೆಟ್ಟಕ್ಕೆ ಹೋದದ್ದು ಅದರಲ್ಲಿ ಇಲ್ಲ. ನೀವು ಅಪ್ಪನ ಹೆಗಲ ಮೇಲಿಂದ ಕಂಡದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಯಾವ ರಸ್ತೆ, ಎಷ್ಟು ಹೊತ್ತು ಕಾದಿರಿ, ಅಪ್ಪ ಏನಂದರು? ನೆನಪಿದ್ದಷ್ಟೇ ಬರೆಯಿರಿ, ನೆನಪಿಲ್ಲದ್ದನ್ನು ಬಿಡಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ನಿಮಗಾಗಿ ಇಟ್ಟಿರುತ್ತೇನೆ.