ಓದುಗರ ಪ್ರಶ್ನೆ: ಕಂಡಕ್ಟರ್ ಅಕ್ಕನ ಕೊನೆಯ ಟ್ರಿಪ್ಪು

ಪ್ರಶ್ನೆ: ನಮ್ಮೂರಿನಿಂದ ಮೂರ್ನಾಡು ಮಾರ್ಗವಾಗಿ ಮಡಿಕೇರಿಗೆ ಹೋಗುವ ಸರ್ಕಾರಿ ಬಸ್ಸಿನ ನಿರ್ವಾಹಕಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ನಮ್ಮ ಬಸ್ಸಿನಲ್ಲಿ ಟಿಕೆಟ್ ಚೀಲ ಹೆಗಲಿಗೇರಿಸಿದ ಮೊದಲ ಹೆಂಗಸು ಅವರೇ. ಸುರೇಖಾ ಯಾದವ್ ಎಂಬ ರೈಲು ಚಾಲಕಿಯ ನಿವೃತ್ತಿಯ ಸುದ್ದಿ ಓದಿದ ಮೇಲೆ, ದಿನವೂ ಓಡಾಡುವ ನಾವು ಕೆಲವರು ಸೇರಿ ಇವರನ್ನೂ ಸನ್ಮಾನಿಸಬೇಕೆಂದಿದ್ದೇವೆ. ಸಭಾಭವನ ಹಿಡಿದು, ಗಣ್ಯರನ್ನು ಕರೆಸಿ, ಪೇಟ ತೊಡಿಸಿ, ಹಮ್ಮಿಣಿ ಅರ್ಪಿಸೋಣ ಎಂಬುದು ಕೆಲವರ ಅಭಿಪ್ರಾಯ. ಇದು ಸರಿಯೇ? ಸನ್ಮಾನಪತ್ರದಲ್ಲಿ ‘ಕೊಡಗಿನ ಪ್ರಥಮ ಮಹಿಳಾ ನಿರ್ವಾಹಕಿ’ ಎಂದು ಬರೆಯಬಹುದೇ?
– ನಿವೃತ್ತ ಶಿಕ್ಷಕಿ, ವಿರಾಜಪೇಟೆ ತಾಲ್ಲೂಕು

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ‘ಕೊಡಗಿನ ಪ್ರಥಮ’ ಎಂದು ಬರೆಯಬೇಡಿ. ನಿಮಗೆ ಗೊತ್ತಿರುವುದು ನಿಮ್ಮ ಬಸ್ಸಿನ ಸಂಗತಿ ಮಾತ್ರ. ಸೋಮವಾರಪೇಟೆ, ಕುಶಾಲನಗರದ ಕಡೆ ಇವರಿಗಿಂತ ಮುಂಚೆ ಯಾರಾದರೂ ಈ ಕೆಲಸ ಮಾಡಿದ್ದರೆ, ಅಂಥವರೊಬ್ಬರು ಸಭೆಯಲ್ಲೇ ಎದ್ದು ನಿಂತರೆ, ಮುಜುಗರವಾಗುವುದು ನಿಮಗಲ್ಲ, ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕುಳಿತ ಅವರಿಗೆ. ‘ಈ ಮಾರ್ಗದಲ್ಲಿ ನಾವು ಕಂಡ ಮೊದಲ ನಿರ್ವಾಹಕಿ’ ಎಂದು ಬರೆಯಿರಿ. ಅದಕ್ಕೆ ಬಸ್ಸಿನಲ್ಲಿ ಕುಳಿತವರೆಲ್ಲ ಸಾಕ್ಷಿ.

ರೈಲುಹಳಿಯೇ ಇಲ್ಲದ ಜಿಲ್ಲೆಯಲ್ಲಿ ಕುಳಿತು ನೀವು ಸುರೇಖಾ ಯಾದವ್ ಅವರ ಸುದ್ದಿಯನ್ನು ಗಮನವಿಟ್ಟು ಓದಿದ್ದು ಸಂತೋಷ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಅವರನ್ನು ಏಷ್ಯಾದ ಮೊದಲ ಮಹಿಳಾ ರೈಲು ಚಾಲಕಿ ಎಂದು ಎಲ್ಲರೂ ಕರೆದರು, ನಿಜ. ಆದರೆ ಆ ಬಿರುದಿಗಿಂತ ನನಗೆ ಹೆಚ್ಚು ಕಂಡದ್ದು ಅವರು ಹತ್ತಿದ ಮೆಟ್ಟಿಲುಗಳು. 1989ರಲ್ಲಿ ಸಹಾಯಕ ಚಾಲಕಿಯಾಗಿ ಸೇರಿದವರಿಗೆ ಗೂಡ್ಸ್ ರೈಲು ಒಪ್ಪಿಸಿದ್ದು 1996ರಲ್ಲಿ. ಮುಂಬೈಯ ಲೇಡೀಸ್ ಸ್ಪೆಷಲ್ ಲೋಕಲ್ ಕೈಗೆ ಬಂದದ್ದು 2000ದಲ್ಲಿ. ಪುಣೆಯಿಂದ ಮುಂಬೈಗೆ ಘಾಟಿ ಇಳಿಸಿ ಡೆಕ್ಕನ್ ಕ್ವೀನ್ ತಂದದ್ದು 2011ರ ಮಾರ್ಚ್ 8ರಂದು. ಸೊಲ್ಲಾಪುರದಿಂದ ವಂದೇ ಭಾರತ್ ಓಡಿಸಿದ್ದು 2023ರ ಮಾರ್ಚ್‌ನಲ್ಲಿ. 36 ವರ್ಷಗಳ ಸೇವೆ ಮುಗಿಸಿ 2025ರ ಸೆಪ್ಟೆಂಬರ್ 30ರಂದು ನಿವೃತ್ತರಾಗುವ ಮುನ್ನ ಅವರು ಇಗತ್‌ಪುರಿಯಿಂದ ಮುಂಬೈವರೆಗೆ ರಾಜಧಾನಿ ಎಕ್ಸ್‌ಪ್ರೆಸ್ ಓಡಿಸಿಕೊಂಡು ಬಂದರು. ಇಗತ್‌ಪುರಿಯಿಂದ ಕಸಾರಾಕ್ಕೆ ಇಳಿಯುವ ಆ ಘಾಟಿಯಲ್ಲಿ 37 ಅಡಿ ಸಾಗಿದರೆ ಒಂದು ಅಡಿ ಇಳಿಜಾರು. ರಸ್ತೆಗೆ ಅದೇನೂ ಅಲ್ಲ, ಹಳಿಗೆ ಬಹಳ ಕಡಿದು. ಮಡಿಕೇರಿಯಿಂದ ಸಂಪಾಜೆಗೆ ಮಳೆಯಲ್ಲಿ ಬಸ್ಸಿನಲ್ಲಿ ಇಳಿದವರಿಗೆ ಘಾಟಿ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ.

ನಿಮ್ಮ ಸನ್ಮಾನಪತ್ರಕ್ಕೂ ಇಂಥ ಮೆಟ್ಟಿಲುಗಳು ಬೇಕು. ‘ಕರ್ತವ್ಯನಿಷ್ಠೆ’, ‘ಸಹನಾಮೂರ್ತಿ’ ಎಂಬ ಮಾತುಗಳನ್ನು ಯಾರ ಸನ್ಮಾನಪತ್ರಕ್ಕಾದರೂ ಅಂಟಿಸಬಹುದು. ಅಚ್ಚು ಹಾಕುವವರ ಬಳಿ ಅವು ಸಿದ್ಧವಾಗಿಯೇ ಇರುತ್ತವೆ. ಬದಲಾಗಿ ಒಂದು ದಿನ ಅವರ ಪಕ್ಕ ಕುಳಿತು ಕೇಳಿ. ಯಾವ ವರ್ಷ ಸೇರಿದರು, ಮೊದಲ ದಿನದ ಡ್ಯೂಟಿ ಯಾವುದು, ಡಿಪೊದಲ್ಲಿ ಆಗ ಹೆಂಗಸರಿಗೆ ಬಟ್ಟೆ ಬದಲಾಯಿಸಲು ಕೋಣೆಯಿತ್ತೇ, ಬಸ್ಸು ತಿರುಗುವ ಊರಿನಲ್ಲಿ ಶೌಚಾಲಯಕ್ಕೆ ಯಾರ ಮನೆಯ ಬಾಗಿಲು ತಟ್ಟುತ್ತಿದ್ದರು, ನೈಟ್ ಹಾಲ್ಟ್ ಬಿದ್ದರೆ ಏನು ಮಾಡುತ್ತಿದ್ದರು ಎಂಬುದನ್ನೆಲ್ಲ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಕಾವೇರಿ ಉಕ್ಕಿ ಬೇತ್ರಿ ಸೇತುವೆ ಮುಳುಗಿದ ದಿನ ಬಸ್ಸಿನಲ್ಲಿದ್ದ ಜನರನ್ನು ಏನು ಮಾಡಿದರು? ಅದನ್ನೂ ಕೇಳಿ.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಅವರ ಕೆಲಸ ಹಗುರವಾಯಿತೆಂದು ಭಾವಿಸುವವರಿದ್ದಾರೆ. ಹಾಗಲ್ಲ. ಉಚಿತವಾಗಿ ಪ್ರಯಾಣಿಸುವ ಪ್ರತಿಯೊಬ್ಬ ಹೆಂಗಸಿಗೂ ಶೂನ್ಯ ದರದ ಟಿಕೆಟ್ ಕೊಡಲೇಬೇಕು, ಏಕೆಂದರೆ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುವುದು ಆ ಟಿಕೆಟ್ಟುಗಳ ಲೆಕ್ಕದ ಮೇಲೆ. ಸಂತೆಯ ದಿನ ಬಸ್ಸು ಕಿಕ್ಕಿರಿದಿರುವಾಗ, ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಟಿಕೆಟ್ ಯಂತ್ರ, ಕಾಲಡಿಯಲ್ಲಿ ಕೊಡೆಗಳಿಂದ ಸೋರಿದ ನೀರು. ಅದರ ನಡುವೆ ಒಬ್ಬೊಬ್ಬರ ಆಧಾರ್ ಕಾರ್ಡಿನ ವಿಳಾಸ ಓದಬೇಕು. ಯೋಜನೆ ಕರ್ನಾಟಕದ ನಿವಾಸಿಗಳಿಗೆ ಮಾತ್ರವಾದ್ದರಿಂದ, ಮದುವೆಯಾಗಿ ಕೇರಳದಿಂದ ಬಂದು ಕಾರ್ಡಿನ ವಿಳಾಸ ಇನ್ನೂ ಬದಲಾಯಿಸದ ಹೆಣ್ಣುಮಗಳಿಗೆ ‘ದುಡ್ಡು ಕೊಡಬೇಕಮ್ಮ’ ಎನ್ನುವ ನಿಷ್ಠುರವೂ ಅವರದೇ. ಗಡಿ ಜಿಲ್ಲೆಯ ನಿರ್ವಾಹಕರಿಗಷ್ಟೇ ತಿಳಿದ ಕಷ್ಟವಿದು. ಸನ್ಮಾನಪತ್ರದಲ್ಲಿ ಇದಕ್ಕೊಂದು ಸಾಲು ಇರಲಿ.

ಸಭಾಭವನದ ಯೋಚನೆ ನನಗೆ ಒಪ್ಪಿಗೆಯಿಲ್ಲ. ಗಣ್ಯರು ಬರುವುದು ತಡವಾಗುತ್ತದೆ, ಬಂದವರು ತಮ್ಮ ಮಾತನ್ನೇ ಆಡುತ್ತಾರೆ, ಬಸ್ಸಿನವರು ಹಿಂದಿನ ಸಾಲಿನಲ್ಲಿ ಕುಳಿತು ಗಡಿಯಾರ ನೋಡುತ್ತಿರುತ್ತಾರೆ. ಪೇಟವಂತೂ ಯಾರ ತಲೆಗೂ ಸರಿಯಾಗಿ ಕೂತದ್ದನ್ನು ನಾನು ಕಂಡಿಲ್ಲ. ಕೊನೆಯ ಟ್ರಿಪ್ಪು ಮುಗಿದು ಬಸ್ಸು ನಿಮ್ಮೂರಿನಲ್ಲಿ ತಿರುಗಲು ನಿಲ್ಲುವ ಹೊತ್ತಿನಲ್ಲಿ, ನಿಲ್ದಾಣದ ಮರದಡಿಯಲ್ಲೇ ನಾಲ್ಕು ಕುರ್ಚಿ ಹಾಕಿ ಫಲತಾಂಬೂಲ ಕೊಟ್ಟು ಪತ್ರವನ್ನು ಓದಿದರೆ ಸಾಕು. ಓದುವವರು ನೀವೇ ಆಗಿ. ಶಿಕ್ಷಕಿಯ ದನಿ ಮೈಕಿಲ್ಲದೆಯೂ ಕೇಳಿಸುತ್ತದೆ. ಚಾಲಕರನ್ನು ಮರೆಯಬೇಡಿ, ಅಷ್ಟು ವರ್ಷ ‘ರೈಟ್’ ಎಂಬ ಒಂದು ಕೂಗನ್ನು ನಂಬಿ ಗಾಡಿ ಎತ್ತಿದವರು ಅವರು. ಡಿಪೊ ವ್ಯವಸ್ಥಾಪಕರಿಗೆ ಮುಂಚಿತವಾಗಿ ಒಂದು ಪತ್ರ ಬರೆದು ಒಪ್ಪಿಗೆ ಪಡೆಯಿರಿ.

ಹಮ್ಮಿಣಿಯ ವಿಷಯದಲ್ಲಿ ಎಚ್ಚರ ಬೇಕು. ಸೇವೆಯಲ್ಲಿರುವವರಿಗೆ, ಅದೂ ದಿನವಿಡೀ ಹಣದ ಚೀಲ ಹೊತ್ತು ಲೆಕ್ಕ ಒಪ್ಪಿಸುವವರಿಗೆ, ಪ್ರಯಾಣಿಕರು ನೋಟಿನ ಕವರು ಕೊಡುವುದು ಚೆನ್ನಾಗಿ ಕಾಣುವುದಿಲ್ಲ. ಕೊಡಲೇಬೇಕೆಂದಿದ್ದರೆ ನಿವೃತ್ತಿಯ ನಂತರ ಮನೆಗೆ ಹೋಗಿ ಕೊಡಿ.

ಒಂದು ಮಾತು ಉಳಿಯಿತು. ಸನ್ಮಾನದ ನೆಪದಲ್ಲಿ ಅಂದು ಬಸ್ಸನ್ನು ತಡಮಾಡಿಸಬೇಡಿ, ಮಧ್ಯದ ನಿಲ್ದಾಣಗಳಲ್ಲಿ ಹಾರ ಹಿಡಿದು ಅಡ್ಡ ನಿಲ್ಲಬೇಡಿ. ಮತ್ತು ಗಂಡಸರೆಲ್ಲ ಅಂದಾದರೂ ಸರಿಯಾದ ಚಿಲ್ಲರೆ ತರಲಿ.