ಆ ಬಂಡಿಗೆ ಕುದುರೆ ಕಟ್ಟಬೇಡಿ

ನಮಸ್ಕಾರ. ಇಂದಿನ ದಕ್ಷಿಣ ಇರಾಕಿನಲ್ಲಿದ್ದ ಪ್ರಾಚೀನ ಸುಮೇರ್ ನಾಡಿನ ಉರ್ ನಗರದ ಸ್ಮಶಾನದಲ್ಲಿ ಸಿಕ್ಕ ‘ಉರ್‌ನ ಧ್ವಜ’ ಕುರಿತ ನಿಮ್ಮ ಲೇಖನ ಓದಿದೆ. ಈಗಿರುವಂತೆ ಅಚ್ಚಿಗೆ ಕೊಡಲಾರೆ. ತಿದ್ದಿ ಕಳಿಸಿ, ಖಂಡಿತ ತೆಗೆದುಕೊಳ್ಳುತ್ತೇನೆ.

ಮೊದಲ ಎರಡು ಪುಟ ಟೈಗ್ರಿಸ್, ಯೂಫ್ರೆಟಿಸ್ ನದಿಗಳ ವರ್ಣನೆಗೇ ಹೋಗಿದೆ. ಅಷ್ಟನ್ನೂ ತೆಗೆಯಿರಿ. ವಸ್ತುವಿನಿಂದಲೇ ಶುರುಮಾಡಿ: ಸುಮಾರು 50 ಸೆಂ.ಮೀ. ಉದ್ದ, 22 ಸೆಂ.ಮೀ. ಎತ್ತರದ ಪೆಟ್ಟಿಗೆ, ಅದರ ಎರಡು ಬದಿಗೆ ಚಿತ್ರಫಲಕ, ಡಾಂಬರಿನಲ್ಲಿ ಕೂರಿಸಿದ ಚಿಪ್ಪು, ಕೆಂಪು ಸುಣ್ಣಕಲ್ಲು, ಲಾಪಿಸ್ ಲಾಜುಲಿ ಎಂಬ ನೀಲಿ ಕಲ್ಲು, ಕಾಲ ಕ್ರಿ.ಪೂ. 2500ರ ಆಸುಪಾಸು.

ಇದನ್ನು ‘ಯುದ್ಧಧ್ವಜ’ ಎಂದೇ ಬರೆದುಬಿಟ್ಟಿದ್ದೀರಿ. ಕೋಲಿಗೆ ಸಿಕ್ಕಿಸಿ ಹೊರುತ್ತಿದ್ದರು ಎಂಬುದು 1920ರ ದಶಕದಲ್ಲಿ ಉತ್ಖನನ ಮಾಡಿದ ಲಿಯೊನಾರ್ಡ್ ವೂಲಿಯ ಊಹೆ. ತಂತಿವಾದ್ಯದ ಪೆಟ್ಟಿಗೆ ಇರಬಹುದು ಎಂದವರೂ ಇದ್ದಾರೆ. ಒಳಗಿನ ಮರ ಮಣ್ಣಾಗಿ ಹೋಗಿತ್ತು. ಚೂರುಗಳು ಚದುರದಂತೆ ಮೇಣ ಹಾಕಿ ಹಿಡಿದು ಎತ್ತಿದ್ದರು. ಬ್ರಿಟಿಷ್ ಮ್ಯೂಸಿಯಂನಲ್ಲಿ ಈಗ ಕಾಣುವ ಆಕಾರ ಮರುಜೋಡಣೆಯದು. ಇದನ್ನು ಓದುಗರಿಗೆ ಹೇಳಲೇಬೇಕು. ಫಲಕದ ಮೇಲೆ ಒಂದಕ್ಷರವೂ ಇಲ್ಲ, ಹಾಗಾಗಿ ನೀವು ಕೊಟ್ಟ ರಾಜನ ಹೆಸರನ್ನೂ ಬಿಡಿ.

ದೊಡ್ಡ ತಪ್ಪು ಕುದುರೆಗಳದು: ಫಲಕದಲ್ಲಿ ಯುದ್ಧದ ಬಂಡಿ ಎಳೆಯುವ ಪ್ರಾಣಿಗಳನ್ನು ಕುದುರೆ ಎಂದಿದ್ದೀರಿ. ಕುದುರೆ ಅಲ್ಲಿ ಬಳಕೆಗೆ ಬಂದದ್ದು ಇದಾದ ಎಷ್ಟೋ ಶತಮಾನಗಳ ಮೇಲೆ. ಇವು ಕತ್ತೆಜಾತಿಯವು, ಬಹುಶಃ ಕತ್ತೆಗೂ ಕಾಡುಕತ್ತೆಗೂ ಹುಟ್ಟಿದ ಮಿಶ್ರತಳಿ. ಬಂಡಿಗೆ ನಾಲ್ಕು ಗಾಲಿ. ಕಡ್ಡಿಗಳಿಲ್ಲದ, ಹಲಗೆ ಜೋಡಿಸಿದ ಗಟ್ಟಿ ಗಾಲಿ. ನಿಮ್ಮ ‘ಮಿಂಚಿನಂಥ ರಥ’ ಇಲ್ಲಿ ಹೊಂದುವುದಿಲ್ಲ. ಆದರೆ ಯುದ್ಧದ ಫಲಕದ ಕೆಳಸಾಲನ್ನು ಎಡದಿಂದ ಬಲಕ್ಕೆ ನೋಡಿ: ಮೊದಲ ಬಂಡಿಯ ಪ್ರಾಣಿಗಳು ನಡೆಯುತ್ತಿವೆ, ಮುಂದಿನವು ವೇಗ ಹಿಡಿಯುತ್ತವೆ, ಕಾಲಡಿ ಶತ್ರುಗಳು ಬಿದ್ದಿದ್ದಾರೆ. ಎಂಥ ಕಣ್ಣಿದ್ದ ಕುಶಲಕರ್ಮಿ! ಒಂದು ಇಡೀ ಪ್ಯಾರಾ ಇದಕ್ಕೇ ಮೀಸಲಿಡಿ. ಎರಡೂ ಫಲಕಗಳನ್ನು ಕೆಳಗಿನಿಂದ ಮೇಲಕ್ಕೆ ವಿವರಿಸಿ. ಯುದ್ಧದ ಫಲಕದ ಮೇಲ್ಸಾಲಿನಲ್ಲಿ ರಾಜನ ತಲೆ ಅಂಚುಪಟ್ಟಿಯನ್ನೇ ದಾಟಿದೆ, ಸೆರೆಯಾಳುಗಳು ಬೆತ್ತಲೆ. ಇನ್ನೊಂದು ಬದಿಯಲ್ಲಿ ಹೊರೆ ಹೊತ್ತವರು ಕೆಳಗೆ, ದನ, ಕುರಿ, ಮೀನು ನಡುವೆ, ಕುಡಿಯುತ್ತ ಕೂತ ರಾಜನೂ ವಾದ್ಯ ನುಡಿಸುವವನೂ ಮೇಲೆ. ಸುಮೇರಿನ ಸಮಾಜ ಹೇಗೆ ಶ್ರೇಣಿಗಟ್ಟಿತ್ತು ಎಂಬುದು ಇದರಲ್ಲೇ ಇದೆ; ನಿಮ್ಮ ‘ಸುವರ್ಣಯುಗ’ದ ಮಾತು ಬೇಡ.

ಲಾಪಿಸ್ ಭಾರತದ್ದಲ್ಲ, ಅಫ್ಘಾನಿಸ್ತಾನದ ಬದಕ್ಷಾನಿನದು. ನಮ್ಮ ಕಡೆಯ ನಂಟು ತೋರಿಸಬೇಕೆಂದಿದ್ದರೆ ಅದೇ ಸ್ಮಶಾನದಲ್ಲಿ ಸಿಕ್ಕ, ಬಿಳಿ ಗೆರೆ ಬರೆದ ಸಿಂಧೂ ಶೈಲಿಯ, ಕಾರ್ನೀಲಿಯನ್ ಎಂಬ ಕೆಂಪು ಕಲ್ಲಿನ ಮಣಿಗಳ ಬಗ್ಗೆ ಬರೆಯಿರಿ. ಒಟ್ಟು 900 ಪದ ಮೀರದಿರಲಿ. ಎರಡೂ ಬದಿಯ ಚಿತ್ರ ಬೇಕು.