ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಮರದ ಪೀಪಾಯಿಗೆ ಕೈಯಿಂದ ಬಣ್ಣ ಬಳಿದರೆ ಜೋಡಣೆಯಲ್ಲಿ ಕಪ್ಪು ಗೆರೆ ಕಾಣುವುದೇಕೆ?

ಬಣ್ಣ ಯುವಿ ತುಂಡಿನ (ಮಾಡೆಲ್‌ನ ಮೇಲ್ಮೈಯನ್ನು ಬಿಡಿಸಿ ಇಮೇಜ್ ಮೇಲೆ ಚಪ್ಪಟೆಯಾಗಿ ಹಾಸಿದ ಭಾಗ) ಅಂಚಿಗೇ ನಿಂತುಬಿಟ್ಟಿದೆ, ಅದರಾಚೆ ಖಾಲಿ ಕಪ್ಪು. ಗೇಮ್‌ನಲ್ಲಿ ವಸ್ತು ದೂರ ಹೋದಾಗ ಮಿಪ್‌ಮ್ಯಾಪ್ (ಇಮೇಜ್‌ನ ಕಿರಿದಾಗಿಸಿದ ಪ್ರತಿ) ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಬೆರೆಸುತ್ತದೆ, ಆ ಕಪ್ಪು ಒಳಗೆ ನುಸುಳುತ್ತದೆ. ಟೆಕ್ಸ್ಚರ್ ಪೇಂಟ್‌ನ ಆಯ್ಕೆಗಳಲ್ಲಿ ಬ್ಲೀಡ್ (ಬಣ್ಣ ಅಂಚು ದಾಟಿ ಹರಡುವ ಅಳತೆ) ಅನ್ನು 8 ಪಿಕ್ಸೆಲ್‌ಗೆ ಏರಿಸಿ, ತುಂಡುಗಳ ನಡುವೆ ಅದರ ಎರಡರಷ್ಟು ಜಾಗ ಬಿಡಿ. ಹೊಸ ಇಮೇಜ್‌ನ ಹಿನ್ನೆಲೆಯನ್ನೇ ಮರದ ಕಂದು ಮಾಡಿಕೊಂಡರೆ ಇನ್ನೂ ಸಲೀಸು.

ಮಾಡೆಲ್‌ಗೆ 12 ಬದಿಯ ಸಿಲಿಂಡರ್ ಸಾಕು. ಮೂರು ಅಡ್ಡ ಲೂಪ್ ಕಟ್ (ಸುತ್ತಲೂ ಹಾಯುವ ಹೊಸ ಅಂಚು) ಹಾಕಿ ಹೊಟ್ಟೆ ಉಬ್ಬಿಸಿ. ಮುಚ್ಚಳ ಸೇರಿ 116 ತ್ರಿಕೋನ. ಸೀಮ್, ಅಂದರೆ ಮೇಲ್ಮೈ ಬಿಡಿಸಲು ಕತ್ತರಿಸುವ ಗೆರೆ, ಮೇಲಿನ ಅಂಚಿಗೊಂದು, ಕೆಳಗಿನ ಅಂಚಿಗೊಂದು, ಉದ್ದಕ್ಕೆ ಒಂದು. ಹೀಗೆ ಬಿಡಿಸುವ ಅನ್‌ರ‍್ಯಾಪ್‌ಗೆ ಮುಂಚೆ ಕಂಟ್ರೋಲ್-ಎ ಒತ್ತಿ ಸ್ಕೇಲ್ ಅಪ್ಲೈ ಮಾಡದಿದ್ದರೆ (ಬದಲಿಸಿದ ಅಳತೆಯನ್ನು ಕಾಯಂ ಮಾಡದಿದ್ದರೆ) ಹಲಗೆಗಳು ಎಳೆದಂತೆ ಕಾಣುತ್ತವೆ. 512×512 ಇಮೇಜ್ ಧಾರಾಳ.

ಬಳಿಯುವಾಗ ವ್ಯೂಪೋರ್ಟ್ (ಮಾಡೆಲ್ ಕಾಣುವ ಕಿಟಕಿ) ಲೈಟಿಂಗ್ ಫ್ಲಾಟ್ ಇರಲಿ, ಇಲ್ಲವೆಂದರೆ ಬ್ಲೆಂಡರ್‌ನ ನೆರಳನ್ನೇ ನಿಮ್ಮ ನೆರಳು ಅಂದುಕೊಳ್ಳುತ್ತೀರಿ. ಮೊದಲು ಮೇಲಿಂದ ಕೆಳಕ್ಕೆ ತಿಳಿಯಿಂದ ಗಾಢಕ್ಕೆ ಇಳಿಸಿ, ಆಮೇಲೆ ಹಲಗೆಗಳ ಸಂದು. ಸಂದಿಗೆ ಅಪ್ಪಟ ಕಪ್ಪು ಬೇಡ, ನೇರಳೆ ಬೆರೆತ ಗಾಢ ಕಂದು ಹಾಕಿ. ಹಲಗೆಯ ಅಂಚಿಗೆ ಹಳದಿ ಕಲೆತ ತೆಳು ಗೆರೆ, ಅದೂ ಅಲ್ಲಲ್ಲಿ ತುಂಡಾಗಿ. ಉದ್ದಕ್ಕೂ ಒಂದೇ ಸಮ ಎಳೆದರೆ ಪ್ಲಾಸ್ಟಿಕ್ ಆಗುತ್ತದೆ. ಮರದ ಎಳೆಗಳನ್ನು ತೀರಾ ಕೊನೆಗೆ, ನಾಲ್ಕೈದೇ. ಎಡ ಅಥವಾ ಬಲದಿಂದ ಬೆಳಕು ಬಳಿಯಬೇಡಿ, ಪೀಪಾಯಿ ತಿರುಗಿಸಿಟ್ಟ ಕೂಡಲೇ ಬಯಲಾಗುತ್ತದೆ.

ಬ್ಲೆಂಡ್ ಫೈಲ್ ಸೇವ್ ಮಾಡಿದರೆ ಇಮೇಜ್ ಸೇವ್ ಆಗುವುದಿಲ್ಲ. ಇಮೇಜ್ ಎಡಿಟರ್‌ನಲ್ಲಿ ಆಲ್ಟ್-ಎಸ್ ಬೇರೆಯಾಗಿ ಒತ್ತಬೇಕು.